ನಿಧಾನ ಸರಕಿನ ಲೆಕ್ಕಾಚಾರ: ಮರಗೆಲಸದ ಒಂದು ಕಿರು ಪ್ರಕಾಶನ ಸಂಸ್ಥೆಯ ಅಧ್ಯಯನ

ದಾಸ್ತಾನು ಬೇಗ ಬೇಗ ಆವರ್ತಿಸಬೇಕು ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ದಾಸ್ತಾನು ಆವರ್ತನದ ಅನುಪಾತ ಏರಿದಷ್ಟೂ ತೊಡಗಿಸಿದ ಬಂಡವಾಳ ಬೇಗ ಕೈಸೇರುತ್ತದೆ, ಬಡ್ಡಿಯ ಹೊರೆ ತಗ್ಗುತ್ತದೆ. ದಿನಸಿ, ಜವಳಿ, ಔಷಧಿಗಳ ವ್ಯಾಪಾರಕ್ಕೆ ಈ ನಿಯಮವು ಅಕ್ಷರಶಃ ಸಲ್ಲುತ್ತದೆ. ಆದರೆ ವ್ಯಾಪಾರದ ಲೋಕದಲ್ಲಿ ಇನ್ನೊಂದು ಬಗೆಯ ಸರಕೂ ಇದೆ. ಹಳೆಯ ಯಂತ್ರಗಳ ಬಿಡಿಭಾಗ, ವಿಶೇಷ ಅಳತೆಯ ಉಪಕರಣ, ಸಾಂಪ್ರದಾಯಿಕ ಕರಕುಶಲ ವಸ್ತು, ಶಾಸ್ತ್ರೀಯ ವಿಷಯದ ಗ್ರಂಥ - ಇವುಗಳಿಗೆ ಗಿರಾಕಿ ದಿನವೂ ಬರುವುದಿಲ್ಲ. ಬಂದ ದಿನ ಸರಕು ಇಲ್ಲವೆಂದರೆ ಅವನು ಮತ್ತೆ ಬರುವುದೂ ಇಲ್ಲ. ಇಂತಹ ನಿಧಾನ ಸರಕನ್ನೇ ನಂಬಿದ ಉದ್ಯಮಿ ಯಾವ ಲೆಕ್ಕಾಚಾರದ ಮೇಲೆ ಬದುಕಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಅಮೆರಿಕದ ಕೆಂಟುಕಿ ರಾಜ್ಯದ 'ಲಾಸ್ಟ್ ಆರ್ಟ್ ಪ್ರೆಸ್' ಎಂಬ ಕಿರು ಪ್ರಕಾಶನ ಸಂಸ್ಥೆಯ ಕಾರ್ಯವಿಧಾನ ಅಧ್ಯಯನಯೋಗ್ಯವಾಗಿದೆ. ಕೈ ಉಪಕರಣಗಳಿಂದ ಮಾಡುವ ಸಾಂಪ್ರದಾಯಿಕ ಮರಗೆಲಸವೇ ಇದರ ಪುಸ್ತಕಗಳ ವಿಷಯ. ವಿದ್ಯುತ್ ಯಂತ್ರಗಳ ಕಾಲದಲ್ಲಿ ಉಳಿ, ಗರಗಸ, ಕೀಸುಳಿಗಳ ಬಗ್ಗೆ ದುಬಾರಿ ಪುಸ್ತಕ ಮುದ್ರಿಸಿ ಮಾರುವುದು ಮೇಲ್ನೋಟಕ್ಕೆ ನಷ್ಟದ ಬಾಬತ್ತು. ಆದರೂ 2007ರಲ್ಲಿ ಆರಂಭವಾದ ಈ ಸಂಸ್ಥೆ ಬೆಳೆದು ನಿಂತಿದೆ.

ಸಂಸ್ಥೆಯ ಹಿನ್ನೆಲೆ

ಸಂಸ್ಥೆಯನ್ನು ಸ್ಥಾಪಿಸಿದವರು ಕ್ರಿಸ್ಟೋಫರ್ ಶ್ವಾರ್ಜ್ ಹಾಗೂ ಜಾನ್ ಹಾಫ್‌ಮನ್ ಎಂಬ ಇಬ್ಬರು. ಶ್ವಾರ್ಜ್ ಅವರು ವೃತ್ತಿಯಿಂದ ಪತ್ರಕರ್ತರು. 'ಪಾಪ್ಯುಲರ್ ವುಡ್‌ವರ್ಕಿಂಗ್' ಎಂಬ ಮರಗೆಲಸದ ಪತ್ರಿಕೆಯ ಸಂಪಾದಕರಾಗಿದ್ದರು. ಪ್ರಕಾಶನ ಆರಂಭಿಸಿದ ಕೂಡಲೇ ಅವರು ಸಂಬಳದ ಕೆಲಸವನ್ನು ಬಿಡಲಿಲ್ಲ. ಸಂಪಾದಕ ಹುದ್ದೆಯಿಂದ ಅವರು ಹೊರಬಂದದ್ದು 2011ರಲ್ಲಿ, ಅಂದರೆ ಹೊಸ ಸಂಸ್ಥೆಗೆ ನಾಲ್ಕು ವರ್ಷ ತುಂಬಿದ ಮೇಲೆ. ಆ ಅವಧಿಯಲ್ಲಿ ಮನೆಯ ಖರ್ಚಿಗಾಗಿ ಪ್ರಕಾಶನದ ಗಲ್ಲಾಪೆಟ್ಟಿಗೆಯನ್ನೇ ನೆಚ್ಚಿಕೊಳ್ಳಬೇಕಾದ ಸ್ಥಿತಿ ಅವರಿಗಿರಲಿಲ್ಲ. ಹೊಸ ಉದ್ಯಮಗಳಲ್ಲಿ ಅನೇಕವು ಮೊದಲ ಮೂರು ವರ್ಷಗಳಲ್ಲೇ ಸೊರಗಲು ಮಾಲೀಕನ ಸ್ವಂತ ಖರ್ಚಿಗಾಗಿ ತೆಗೆದ ಹಣವೇ ಕಾರಣವಾಗಿರುತ್ತದೆ ಎಂಬುದು ಲೆಕ್ಕಪತ್ರ ಬಲ್ಲವರಿಗೆ ಹೊಸ ವಿಷಯವಲ್ಲ.

ಓಹಿಯೋ ನದಿಯ ಒಂದು ದಡದಲ್ಲಿ ಸಿನ್ಸಿನಾಟಿ ಮಹಾನಗರ, ಎದುರು ದಡದಲ್ಲಿ ಕೋವಿಂಗ್ಟನ್ ಎಂಬ ಹಳೆಯ ಪಟ್ಟಣ. 2015ರಲ್ಲಿ ಆ ಪಟ್ಟಣದಲ್ಲಿ ಒಂದು ಹಳೆಯ ಕಟ್ಟಡ ಸಂಸ್ಥೆಯ ಕಾರ್ಯಾಗಾರವಾಯಿತು. 2016ರಲ್ಲಿ 'ಕ್ರೂಸಿಬಲ್ ಟೂಲ್' ಎಂಬ ಹೆಸರಿನಲ್ಲಿ ಕೈವಾರ, ಸುತ್ತಿಗೆ, ಮರವನ್ನು ಮೇಜಿಗೆ ಒತ್ತಿ ಹಿಡಿಯುವ ಕಬ್ಬಿಣದ ಹಿಡಿಕೆ ಮೊದಲಾದ ಉಪಕರಣಗಳ ತಯಾರಿಕೆಯೂ ಆರಂಭವಾಯಿತು. 2023ರಲ್ಲಿ ಅದೇ ಪಟ್ಟಣದ 'ಆಂಥೆ' ಎಂಬ ಹಳೆಯ ಯಂತ್ರ ಕಾರ್ಖಾನೆಯ ಕಟ್ಟಡವನ್ನು ಸಂಸ್ಥೆ ಕೊಂಡುಕೊಂಡಿತು. ಪುಸ್ತಕ ಕೊಂಡ ಗಿರಾಕಿಗೇ ಆ ಪುಸ್ತಕದಲ್ಲಿ ವಿವರಿಸಿದ ಉಪಕರಣವನ್ನೂ ಒದಗಿಸುವ ಈ ವಿಸ್ತರಣೆ ಮೂಲ ವ್ಯವಹಾರದ ಹೊಸ್ತಿಲನ್ನು ದಾಟಿಲ್ಲ ಎಂಬುದು ಗಮನಾರ್ಹ.

ಮಾರುವ ಸರಕಿನ ಸ್ವರೂಪ

ಸಂಸ್ಥೆಯ ಪುಸ್ತಕಗಳನ್ನು ಮೂರು ವರ್ಗಗಳಲ್ಲಿ ನೋಡಬಹುದು.

ಮೊದಲನೆಯದು, ಮರೆಯಾಗಿದ್ದ ಹಳೆಯ ಕೃತಿಗಳ ಪುನರುಜ್ಜೀವನ. ಲಂಡನ್ನಿನ ಮುದ್ರಕ ಜೋಸೆಫ್ ಮಾಕ್ಸನ್ 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಂತುಗಳಲ್ಲಿ ಪ್ರಕಟಿಸಿದ ಕಸುಬಿನ ಪಾಠಗಳಿಂದ ಮರಗೆಲಸದ ಭಾಗವನ್ನು ಆಯ್ದು 'ದಿ ಆರ್ಟ್ ಆಫ್ ಜಾಯ್ನರಿ' ಎಂಬ ಹೆಸರಿನಲ್ಲಿ 2008ರಲ್ಲಿ ಹೊರತರಲಾಯಿತು. ಹೆಸರಿಲ್ಲದ ಲೇಖಕನೊಬ್ಬ ಇಂಗ್ಲೆಂಡಿನಲ್ಲಿ 1839ರಲ್ಲಿ ಬರೆದ ಪುಟ್ಟ ಪುಸ್ತಕವೊಂದು 2009ರಲ್ಲಿ ಮರುಮುದ್ರಣ ಕಂಡಿತು. ಕೆಲಸ ಕಲಿಯಲು ಸೇರಿದ ಥಾಮಸ್ ಎಂಬ ಹುಡುಗ ಮೊದಲು ಸಾಮಾನು ಕಟ್ಟುವ ಪೆಟ್ಟಿಗೆ, ಅನಂತರ ಶಾಲೆಗೆ ಒಯ್ಯುವ ಪೆಟ್ಟಿಗೆ, ಕೊನೆಗೆ ಖಾನೆಗಳ ಬೀರು ಮಾಡುವಷ್ಟರ ಮಟ್ಟಿಗೆ ಪಳಗುವ ಕತೆಯ ಮೂಲಕ ಆ ಪುಸ್ತಕ ಕಸುಬನ್ನು ಕಲಿಸುತ್ತದೆ.

ಈ ವರ್ಗದಲ್ಲಿ ಅತ್ಯಂತ ದೊಡ್ಡ ಸಾಹಸವೆಂದರೆ ಪ್ಯಾರಿಸ್ಸಿನ ಬಡಗಿ ಆಂದ್ರೆ-ಜಾಕೋಬ್ ರೂಬೋ ಅವರ ಗ್ರಂಥ. 1769ರಿಂದ ಹಲವು ಭಾಗಗಳಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ಈ ಬೃಹತ್ ಕೃತಿ ಸ್ವತಃ ಉಳಿ ಹಿಡಿದವನು ಬರೆದದ್ದು ಎಂಬ ಕಾರಣಕ್ಕೇ ವಿಶಿಷ್ಟವಾದುದು. ತೆಳುವಾದ ಮರದ ಹಾಳೆಗಳನ್ನು ಕತ್ತರಿಸಿ ಚಿತ್ತಾರ ಕೂರಿಸುವ ಕೆಲಸಕ್ಕೆ ಸಂಬಂಧಿಸಿದ ಭಾಗ ಇಂಗ್ಲಿಷಿಗೆ ಅನುವಾದಗೊಂಡು 2013ರಲ್ಲಿಯೂ, ಪೀಠೋಪಕರಣಗಳ ಭಾಗ 2017ರಲ್ಲಿಯೂ ಪ್ರಕಟವಾದವು. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ ಬಲ್ಲವರಿಗೆ ಇಂತಹ ಜ್ಞಾನದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಡೊನಾಲ್ಡ್ ವಿಲಿಯಮ್ಸ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಹಲವು ವರ್ಷ ಈ ಅನುವಾದದಲ್ಲಿ ತೊಡಗಿದ್ದರು. ಅಷ್ಟು ವರ್ಷಗಳ ಶ್ರಮಕ್ಕೆ ಒಂದೇ ಋತುವಿನ ಮಾರಾಟದಲ್ಲಿ ಪ್ರತಿಫಲ ದೊರೆಯುವುದು ಅಸಾಧ್ಯ.

ಎರಡನೆಯದು, ಇತ್ತೀಚಿನದಾದರೂ ಅಂಗಡಿಗಳಿಂದ ಕಣ್ಮರೆಯಾದ ಪುಸ್ತಕಗಳು. ಇಂಗ್ಲೆಂಡಿನ ಶಿಕ್ಷಕ ರಾಬರ್ಟ್ ವೇರಿಂಗ್ ಅವರ 'ದಿ ಎಸೆನ್ಷಿಯಲ್ ವುಡ್‌ವರ್ಕರ್' 1988ರ ಪುಸ್ತಕ. ಅದು ಅಲಭ್ಯವಾಗಿದ್ದಾಗ 2010ರಲ್ಲಿ ಈ ಸಂಸ್ಥೆ ಮತ್ತೆ ಮುದ್ರಿಸಿತು. ಚಾರ್ಲ್ಸ್ ಹೇವರ್ಡ್ ಅವರು 1939ರಿಂದ 1967ರವರೆಗೆ ಸಂಪಾದಿಸಿದ 'ದಿ ವುಡ್‌ವರ್ಕರ್' ಪತ್ರಿಕೆಯಿಂದ ಆಯ್ದ ಲೇಖನಗಳೂ ಸಂಪುಟಗಳಾಗಿ ಬಂದಿವೆ.

ಮೂರನೆಯದು, ಹೊಸ ಬರಹ. ಶ್ವಾರ್ಜ್ ಅವರ 'ದಿ ಅನಾರ್ಕಿಸ್ಟ್ಸ್ ಟೂಲ್ ಚೆಸ್ಟ್' 2011ರಲ್ಲಿ ಪ್ರಕಟವಾಯಿತು. ಒಬ್ಬ ಬಡಗಿಗೆ ಐವತ್ತಕ್ಕೂ ಕಡಿಮೆ ಸಂಖ್ಯೆಯ, ಆದರೆ ಉತ್ತಮ ಗುಣಮಟ್ಟದ ಕೈ ಉಪಕರಣಗಳು ಸಾಕು, ಅವುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಜೀವಮಾನವಿಡೀ ದುಡಿಯಬಹುದು ಎಂಬುದು ಅದರ ವಾದ. 2014ರ 'ಕ್ಯಾಂಪೇನ್ ಫರ್ನಿಚರ್' ಎಂಬ ಗ್ರಂಥದ ವಿಷಯಕ್ಕೆ ಭಾರತದ ನಂಟೂ ಇದೆ. ಬ್ರಿಟಿಷ್ ಸೇನಾಧಿಕಾರಿಗಳು ಭಾರತವೇ ಮೊದಲಾದ ವಸಾಹತುಗಳಿಗೆ ಬರುವಾಗ ಬಿಚ್ಚಿ ಜೋಡಿಸಬಹುದಾದ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ ಬಡಿದ ಬೀರು, ಮೇಜು, ಕುರ್ಚಿಗಳನ್ನು ಬಳಸುತ್ತಿದ್ದರು. ಅವುಗಳ ರಚನೆಯ ವಿವರಣೆ ಅಲ್ಲಿದೆ.

ಈ ಮೂರೂ ವರ್ಗಗಳಿಗೆ ಒಂದು ಸಾಮಾನ್ಯ ಲಕ್ಷಣವಿದೆ. ಇವು ಹಳಸುವ ಸರಕಲ್ಲ. ಕೀಸುಳಿಯ ಅಲಗನ್ನು ಮಸೆಯುವ ವಿಧಾನ ಮುಂದಿನ ವರ್ಷ ಬದಲಾಗುವುದಿಲ್ಲ. ಆದುದರಿಂದ ಹತ್ತು ವರ್ಷದ ಹಿಂದಿನ ಪುಸ್ತಕವೂ ಇಂದು ಪೂರ್ಣ ಬೆಲೆಗೆ ಮಾರಾಟವಾಗಬಲ್ಲದು. ಬೇಡಿಕೆ ತೆಳುವಾದರೂ ಬತ್ತದ ಒರತೆಯಂತಹುದು.

ಪುಸ್ತಕ ವ್ಯಾಪಾರದ ರೂಢಿ

ಅಮೆರಿಕದ ಸಾಮಾನ್ಯ ಪುಸ್ತಕ ವ್ಯಾಪಾರದ ರೂಢಿ ಇಂತಹ ಸರಕಿಗೆ ಒಗ್ಗುವುದಿಲ್ಲ. ಅಲ್ಲಿ ಪ್ರಕಾಶಕನು ಅಂಗಡಿಗಳಿಗೂ ಸಗಟುದಾರರಿಗೂ ಮುದ್ರಿತ ಬೆಲೆಯ ಸುಮಾರು 40ರಿಂದ 55 ಶೇಕಡದವರೆಗೆ ರಿಯಾಯಿತಿ ಕೊಡುತ್ತಾನೆ. ಮಾರಾಟವಾಗದ ಪ್ರತಿಗಳನ್ನು ಅಂಗಡಿಯವರು ಹಿಂದಿರುಗಿಸಬಹುದು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬೇರೂರಿದ ಈ ಪದ್ಧತಿ ಇಂದಿಗೂ ಉಳಿದಿದೆ. ಹೀಗಾಗಿ ಪ್ರಕಾಶಕನ ಪುಸ್ತಕದಲ್ಲಿ 'ಮಾರಾಟ' ಎಂದು ಜಮೆಯಾದದ್ದು ಆರು ತಿಂಗಳ ಅನಂತರ ಲಾರಿಯಲ್ಲಿ ವಾಪಸು ಬರಬಹುದು. ಅಂಗಡಿಯವನ ದೃಷ್ಟಿಯಿಂದಲೂ, ಕಪಾಟಿನ ಜಾಗ ಬೇಗ ಸಾಗುವ ಕಾದಂಬರಿಗೇ ಹೊರತು ವರ್ಷಕ್ಕೆ ಎರಡು ಪ್ರತಿ ಹೋಗುವ ಬಡಗಿ ಶಾಸ್ತ್ರಕ್ಕಲ್ಲ.

ಇದರ ಜೊತೆಗೆ ತೆರಿಗೆಯ ಒಂದು ಪ್ರಸಂಗವೂ ಸೇರಿಕೊಂಡಿತು. ವಿಚಿತ್ರವೆಂದರೆ ಅದರ ಮೂಲದಲ್ಲಿದ್ದುದು ಒಂದು ಉಪಕರಣ ಕಂಪನಿ. ಕೈಯಲ್ಲಿ ಹಿಡಿದು ಬಳಸುವ ಯಂತ್ರಚಾಲಿತ ಉಪಕರಣಗಳನ್ನು ತಯಾರಿಸುತ್ತಿದ್ದ 'ಥಾರ್ ಪವರ್ ಟೂಲ್' ಕಂಪನಿಯು, ಗ್ರಾಹಕರಿಗೆ ಮುಂದೆಂದೋ ಬೇಕಾಗಬಹುದೆಂದು ಅಪಾರ ಬಿಡಿಭಾಗಗಳನ್ನು ದಾಸ್ತಾನು ಮಾಡಿತ್ತು. ಅವುಗಳಲ್ಲಿ ಅಧಿಕವೆನಿಸಿದ ಪ್ರಮಾಣದ ಮೌಲ್ಯವನ್ನು ಲೆಕ್ಕದಲ್ಲಿ ಇಳಿಸಿ ಬರೆದು, ಆ ನಷ್ಟವನ್ನು ತೆರಿಗೆಯಲ್ಲಿ ಕಳೆಯಲು ಕೋರಿತು. ಆದರೆ ಆ ಬಿಡಿಭಾಗಗಳನ್ನು ಗುಜರಿಗೆ ಹಾಕಲಿಲ್ಲ, ಬೆಲೆ ಇಳಿಸಿಯೂ ಮಾರಲಿಲ್ಲ. 1979ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕಂಪನಿಯ ವಾದವನ್ನು ತಳ್ಳಿಹಾಕಿತು. ಸರಕನ್ನು ಹಳೆಯ ಬೆಲೆಗೇ ಮಾರಾಟಕ್ಕಿಟ್ಟುಕೊಂಡು, ಕೇವಲ ಅಂದಾಜಿನ ಮೇಲೆ ಅದರ ಮೌಲ್ಯ ಕುಸಿದಿದೆ ಎನ್ನುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಈ ತೀರ್ಪಿನ ಪೆಟ್ಟು ಪುಸ್ತಕ ಪ್ರಕಾಶಕರಿಗೂ ತಗುಲಿತು. ನಿಧಾನವಾಗಿ ಮಾರಾಟವಾಗುವ ಪುಸ್ತಕಗಳನ್ನು ಗೋದಾಮಿನಲ್ಲಿ ಇಟ್ಟುಕೊಂಡೇ ಅವುಗಳ ಮೌಲ್ಯ ಇಳಿಸಿ ತೆರಿಗೆ ಉಳಿಸುವ ದಾರಿ ಮುಚ್ಚಿತು. ತೆರಿಗೆಯ ಅನುಕೂಲ ಬೇಕಿದ್ದರೆ ಪುಸ್ತಕಗಳನ್ನು ಮಿಕ್ಕಬೆಲೆಗೆ ಮಾರಬೇಕು, ಇಲ್ಲವೇ ಕಾಗದದ ತಿರುಳು ಮಾಡಿಸಬೇಕು. ಪರಿಣಾಮವಾಗಿ, ಕಾದರೆ ಖಂಡಿತ ಮಾರಾಟವಾಗುತ್ತಿದ್ದ ಅನೇಕ ಗಂಭೀರ ಗ್ರಂಥಗಳು ಬೇಗನೆ ಪಟ್ಟಿಯಿಂದ ಮಾಯವಾಗತೊಡಗಿದವು. ಕಸುಬಿನ ಜ್ಞಾನ ನಶಿಸಲು ಕಲಿಯುವವರ ನಿರಾಸಕ್ತಿಯೊಂದೇ ಕಾರಣವಲ್ಲ, ದಾಸ್ತಾನಿನ ಲೆಕ್ಕವೂ ಅದರಲ್ಲಿ ಪಾಲುದಾರ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಅದರ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ವಸೂಲಿ ಮೌಲ್ಯ ಕುಸಿದಿದೆ ಎನ್ನಲು ನಂಬಲರ್ಹವಾದ ಆಧಾರ ಬೇಕು. ಸರಕು ನಿಧಾನವಾಗಿ ಸಾಗುತ್ತದೆ ಎಂಬುದೊಂದೇ ಬೆಲೆ ಬಿದ್ದಿದೆ ಎಂಬುದಕ್ಕೆ ಸಾಕ್ಷಿಯಾಗದು.

ಸಂಸ್ಥೆ ಹಿಡಿದ ಹಾದಿ

ಲಾಸ್ಟ್ ಆರ್ಟ್ ಪ್ರೆಸ್ ಈ ರೂಢಿಯ ಹಲವು ಕೊಂಡಿಗಳನ್ನು ಕಳಚಿಹಾಕಿತು. ಪುಸ್ತಕಗಳು ಬಹುಮಟ್ಟಿಗೆ ಸಂಸ್ಥೆಯಿಂದ ನೇರವಾಗಿ ಓದುಗನಿಗೆ ಅಂಚೆಯ ಮೂಲಕ ತಲುಪುತ್ತವೆ. ಇದರ ಹೊರತು ಕೆನಡಾದ 'ಲೀ ವ್ಯಾಲಿ ಟೂಲ್ಸ್'ನಂತಹ, ಬಡಗಿಗಳೇ ಗಿರಾಕಿಗಳಾಗಿರುವ ಕೆಲವು ಆಯ್ದ ಮಾರಾಟಗಾರರಿಗೆ ಮಾತ್ರ ಸರಬರಾಜು. ಪುಸ್ತಕವಿರಬೇಕಾದದ್ದು ಕಾದಂಬರಿಯ ಪಕ್ಕದಲ್ಲಲ್ಲ, ಉಳಿ ಮತ್ತು ಗರಗಸಗಳ ಪಕ್ಕದಲ್ಲಿ ಎಂಬ ಸರಳ ತಿಳಿವಳಿಕೆ ಇದರ ಹಿಂದಿದೆ.

ಲೇಖಕರೊಂದಿಗಿನ ಒಪ್ಪಂದವೂ ಭಿನ್ನ. ಸಾಮಾನ್ಯ ಪ್ರಕಾಶಕರು ಗಟ್ಟಿರಟ್ಟಿನ ಪುಸ್ತಕಕ್ಕೆ ಮುದ್ರಿತ ಬೆಲೆಯ 10ರಿಂದ 15 ಶೇಕಡ ಗೌರವಧನ ನೀಡುವುದು ವಾಡಿಕೆ. ಈ ಸಂಸ್ಥೆಯಲ್ಲಿ ಪುಸ್ತಕದ ತಯಾರಿಕಾ ವೆಚ್ಚ ವಸೂಲಾದ ಮೇಲೆ ಬರುವ ಲಾಭವನ್ನು ಲೇಖಕನೂ ಸಂಸ್ಥೆಯೂ ಸಮವಾಗಿ ಹಂಚಿಕೊಳ್ಳುತ್ತಾರೆ. ಭಾಷೆಯಲ್ಲಿ ಇದು ಗೌರವಧನವಾದರೂ ತತ್ತ್ವದಲ್ಲಿ ಒಂದು ಪುಸ್ತಕಕ್ಕೆ ಸೀಮಿತವಾದ ಪಾಲುದಾರಿಕೆ.

ಗುಣಮಟ್ಟದ ವಿಷಯದಲ್ಲಿ ಮಿತವ್ಯಯ ತೋರಿಲ್ಲ. ಪುಸ್ತಕಗಳು ಅಮೆರಿಕದಲ್ಲಿಯೇ ಮುದ್ರಣಗೊಳ್ಳುತ್ತವೆ. ಪುಟಗಳನ್ನು ಕೇವಲ ಅಂಟಿನಿಂದ ಹಿಡಿಸದೆ ದಾರದಿಂದ ಹೊಲಿಯಲಾಗುತ್ತದೆ. ಕೆಲಸದ ಮೇಜಿನ ಮೇಲೆ ತೆರೆದಿಟ್ಟು ನೋಡಬೇಕಾದ ಪುಸ್ತಕದ ಹಾಳೆ ಉದುರಬಾರದಲ್ಲವೇ? ಜಾಹೀರಾತುದಾರರಿಂದಾಗಲಿ, ಉಪಕರಣ ಕಂಪನಿಗಳ ಪ್ರಾಯೋಜಕತ್ವದಿಂದಾಗಲಿ ಹಣ ಪಡೆಯುವುದಿಲ್ಲ. ಆದುದರಿಂದ ಯಾವ ಉಪಕರಣ ಒಳ್ಳೆಯದು, ಯಾವುದು ಅನಗತ್ಯ ಎಂದು ಹೇಳುವ ಸ್ವಾತಂತ್ರ್ಯ ಉಳಿದುಕೊಂಡಿದೆ. ಗಣಕಯಂತ್ರದಲ್ಲಿ ಓದುವ ಪಿಡಿಎಫ್ ಪ್ರತಿಗಳಿಗೆ ನಕಲು ತಡೆಯುವ ಬೀಗವನ್ನೂ ಹಾಕಿಲ್ಲ. 2020ರ 'ದಿ ಅನಾರ್ಕಿಸ್ಟ್ಸ್ ವರ್ಕ್‌ಬೆಂಚ್' ಎಂಬ ಪುಸ್ತಕದ ಪಿಡಿಎಫ್ ಪ್ರತಿಯನ್ನು ಉಚಿತವಾಗಿಯೇ ನೀಡಿ, ಮುದ್ರಿತ ಪ್ರತಿಯನ್ನು ಬೆಲೆಗೆ ಮಾರಲಾಯಿತು.

ಒಂದು ಕಾಲ್ಪನಿಕ ಲೆಕ್ಕ

ಎರಡು ಹಾದಿಗಳ ವ್ಯತ್ಯಾಸವನ್ನು ಅಂಕಿಗಳಲ್ಲಿ ನೋಡುವುದು ಉಚಿತ. ಕೆಳಗಿನ ಅಂಕಿಗಳು ಕೇವಲ ವಿವರಣೆಗಾಗಿ ಊಹಿಸಿದವು. ಮೇಲಿನ ಸಂಸ್ಥೆಯ ಲೆಕ್ಕಪತ್ರದವಲ್ಲ.

ಪುಸ್ತಕದ ಬೆಲೆ 1,000 ರೂ. ಮುದ್ರಣ 2,000 ಪ್ರತಿ. ಪ್ರತಿಯೊಂದರ ಮುದ್ರಣ ವೆಚ್ಚ 250 ರೂ., ಒಟ್ಟು 5,00,000 ರೂ. ಸಂಪಾದನೆ, ಚಿತ್ರ, ಪುಟವಿನ್ಯಾಸಕ್ಕೆ 3,00,000 ರೂ. ಹೀಗೆ ಆರಂಭಿಕ ಹೂಡಿಕೆ 8,00,000 ರೂ. ಎಂದಿಟ್ಟುಕೊಳ್ಳೋಣ.

ಮೊದಲ ಹಾದಿ: 2,000 ಪ್ರತಿಗಳನ್ನೂ 50 ಶೇಕಡ ರಿಯಾಯಿತಿಯಲ್ಲಿ ಅಂಗಡಿಗಳಿಗೆ ಕಳುಹಿಸಲಾಗಿದೆ. 500 ಪ್ರತಿಗಳು ವಾಪಸು ಬಂದಿವೆ. ಮಾರಾಟವಾದ 1,500 ಪ್ರತಿಗಳಿಂದ ವಸೂಲಿ 7,50,000 ರೂ. ಅದರಲ್ಲಿ ಪ್ರತಿಗೆ 100 ರೂ.ನಂತೆ ಲೇಖಕನ ಗೌರವಧನ 1,50,000 ರೂ., ಹೋಗಿಬರುವ ಸಾಗಣೆ 50,000 ರೂ. ಉಳಿದದ್ದು 5,50,000 ರೂ. ಹೂಡಿಕೆಗೆ ಹೋಲಿಸಿದರೆ 2,50,000 ರೂ. ನಗದು ಕೊರತೆ. ಕೈಯಲ್ಲಿರುವುದು ವಾಪಸು ಬಂದ 500 ಪ್ರತಿ. ಅವು ಸುಸ್ಥಿತಿಯಲ್ಲಿದ್ದರೆ ವೆಚ್ಚದ ಲೆಕ್ಕದಲ್ಲಿ 1,25,000 ರೂ. ಅಂದರೆ 1,500 ಪ್ರತಿ ಮಾರಿದ ಮೇಲೂ 1,25,000 ರೂ. ನಷ್ಟ.

ಎರಡನೆಯ ಹಾದಿ: ನೇರ ಮಾರಾಟ. ಪೊಟ್ಟಣ, ಹಣ ಪಾವತಿಯ ಶುಲ್ಕ, ರವಾನೆಯ ಕೆಲಸ ಸೇರಿ ಪ್ರತಿಗೆ 150 ರೂ. ಖರ್ಚು, ಕೈಗೆ ಬರುವುದು 850 ರೂ. ಮೊದಲ ವರ್ಷ 1,000 ಪ್ರತಿ ಮಾತ್ರ ಮಾರಾಟವಾಗಿದೆ. ವಸೂಲಿ 8,50,000 ರೂ. 942ನೆಯ ಪ್ರತಿಯಲ್ಲಿಯೇ ಹೂಡಿಕೆ ಮರಳಿದೆ. ಮಿಕ್ಕ 50,000 ರೂ.ನಲ್ಲಿ ಲೇಖಕನಿಗೆ 25,000, ಸಂಸ್ಥೆಗೆ 25,000. ಇನ್ನೂ 1,000 ಪ್ರತಿ ಗೋದಾಮಿನಲ್ಲಿವೆ. ಮುಂದೆ ಮಾರಾಟವಾಗುವ ಪ್ರತಿಯೊಂದೂ ಇಬ್ಬರಿಗೂ 425 ರೂ. ತರುತ್ತದೆ.

ಎರಡನೆಯ ಹಾದಿಯಲ್ಲಿ ಮಾರಾಟ ಕಡಿಮೆ, ಫಲ ಅಧಿಕ. ಆದರೆ ಇಲ್ಲಿ ಲೇಖಕನೂ ಕಾಯಬೇಕು ಎಂಬುದನ್ನು ಮರೆಯಬಾರದು. ಮೊದಲ ವರ್ಷ ಅವನಿಗೆ ದೊರೆತದ್ದು 25,000 ರೂ. ಮಾತ್ರ, ಮೊದಲ ಹಾದಿಯಲ್ಲಿ ಅವನಿಗೆ 1,50,000 ರೂ. ಸಿಗುತ್ತಿತ್ತು. ಉಳಿದ ಸಾವಿರ ಪ್ರತಿ ಮುಗಿಯುವ ಹೊತ್ತಿಗೆ ಅವನ ಒಟ್ಟು ಪಾಲು 4,50,000 ರೂ. ಆಗುತ್ತದೆ. ತಾಳ್ಮೆಗೆ ಬೆಲೆ ಇದೆ ಎಂಬುದನ್ನು ಲೇಖಕನಿಗೆ ಮನದಟ್ಟು ಮಾಡಿಸುವ ಏಕೈಕ ಸಾಧನ, ತೆರೆದಿಟ್ಟ ಲೆಕ್ಕಪುಸ್ತಕ. ಮಾರಾಟವಾದ ಪ್ರತಿಗಳ ಎಣಿಕೆಯಲ್ಲಿ ಒಮ್ಮೆ ಸಂಶಯ ಮೂಡಿದರೆ ಈ ಏರ್ಪಾಡು ಮುರಿದುಬೀಳುತ್ತದೆ. ನೇರ ಮಾರಾಟದಲ್ಲಿ 700 ಪ್ರತಿಗಳಷ್ಟೇ ಹೋದರೆ ವಸೂಲಿ 5,95,000 ರೂ. ಆಗಿ 2,05,000 ರೂ. ಕೊರತೆ ಬೀಳುತ್ತದೆ ಎಂಬ ಎಚ್ಚರವೂ ಅಗತ್ಯ. ಆ ಕೊರತೆಯನ್ನು ತುಂಬಬೇಕಾದದ್ದು ಕಾಯಬಲ್ಲ ಸ್ವಂತ ಹಣ.

ಎಷ್ಟು ಮುದ್ರಿಸಬೇಕು?

ಅಧಿಕ ಪ್ರಮಾಣದಲ್ಲಿ ತಯಾರಿಸಿದರೆ ತಲಾ ವೆಚ್ಚ ತಗ್ಗುತ್ತದೆ ಎಂಬುದು ಪ್ರತಿಯೊಬ್ಬ ತಯಾರಕನಿಗೂ ಎದುರಾಗುವ ಆಕರ್ಷಣೆ. ಮೇಲಿನ ಉದಾಹರಣೆಯಲ್ಲಿಯೇ 5,000 ಪ್ರತಿ ಮುದ್ರಿಸಿದರೆ ತಲಾ ವೆಚ್ಚ 180 ರೂ.ಗೆ ಇಳಿಯುತ್ತದೆ ಎಂದು ಭಾವಿಸೋಣ. ಪ್ರತಿಯೊಂದಕ್ಕೆ 70 ರೂ. ಉಳಿತಾಯ. ಆದರೆ ಮುದ್ರಣದ ಬಿಲ್ಲು 5,00,000 ರೂ.ನಿಂದ 9,00,000 ರೂ.ಗೆ ಏರುತ್ತದೆ. ವರ್ಷಕ್ಕೆ 600 ಪ್ರತಿಗಳ ಬೇಡಿಕೆ ಇದ್ದರೆ ವಾರ್ಷಿಕ ಉಳಿತಾಯ 42,000 ರೂ. ಹೆಚ್ಚುವರಿ 4,00,000 ರೂ.ಗೆ 12 ಶೇಕಡದಂತೆ ಬಡ್ಡಿ 48,000 ರೂ. ಉಳಿತಾಯವನ್ನು ಬಡ್ಡಿಯೇ ನುಂಗಿಹಾಕಿತು. ವರ್ಷ ಕಳೆದ ಮೇಲೆ ಎರಡು ದಾಸ್ತಾನುಗಳಲ್ಲಿ ಸಿಲುಕಿದ ಹಣದ ಅಂತರ ಇನ್ನೂ ಹಿಗ್ಗಿ 4,42,000 ರೂ. ಆಗುತ್ತದೆ. ಗೋದಾಮಿನ ಬಾಡಿಗೆ, ತೇವ, ಗೆದ್ದಲುಗಳ ಲೆಕ್ಕ ಬೇರೆ. 5,000 ಪ್ರತಿಗಳು ಖರ್ಚಾಗಲು ಎಂಟು ವರ್ಷಗಳಿಗೂ ಹೆಚ್ಚು ಕಾಲ ಬೇಕು; 2,000 ಪ್ರತಿಗಳಿಗೆ ಸುಮಾರು ಮೂರು ವರ್ಷ ನಾಲ್ಕು ತಿಂಗಳು ಸಾಕು.

ಆದುದರಿಂದ ನಿಧಾನ ಸರಕಿನಲ್ಲಿ ಸಣ್ಣ ಪ್ರಮಾಣದ ಮುದ್ರಣ, ಮುಗಿಯುತ್ತ ಬಂದಾಗ ಮರುಮುದ್ರಣ ಎಂಬ ಕ್ರಮವೇ ಸೂಕ್ತ. ತಲಾ ವೆಚ್ಚದಲ್ಲಿ ತುಸು ಅಧಿಕ ತೆರುವುದು ಬಂಡವಾಳವನ್ನು ಸ್ವತಂತ್ರವಾಗಿಡಲು ಕೊಡುವ ವಿಮಾ ಕಂತು ಎಂದು ಭಾವಿಸಬಹುದು.

ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ನೇರ ಮಾರಾಟ ಹೇಳಿದಷ್ಟು ಸುಲಭವಲ್ಲ. ಗಿರಾಕಿ ಎಲ್ಲಿದ್ದಾನೆ ಎಂದು ತಿಳಿದಿರಬೇಕು, ಅವನಿಗೆ ನಂಬಿಕೆ ಇರಬೇಕು. ಶ್ವಾರ್ಜ್ ಅವರು ಪತ್ರಿಕೆಯ ಸಂಪಾದಕರಾಗಿದ್ದ ವರ್ಷಗಳಲ್ಲಿ ಬರೆದು, ಮಾಡಿ ತೋರಿಸಿ, ಓದುಗರ ಪ್ರಶ್ನೆಗಳಿಗೆ ಉತ್ತರಿಸಿ ಗಳಿಸಿದ ವಿಶ್ವಾಸವೇ ಹೊಸ ಸಂಸ್ಥೆಯ ಮೊದಲ ಬಂಡವಾಳ. ಹೀಗೆ ತಾನೇ ಬೆಳೆಸಿಕೊಂಡ ವ್ಯಾಪಾರ ಖ್ಯಾತಿಯನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಲು ನಮ್ಮ ಲೆಕ್ಕಪತ್ರ ಮಾನಕಗಳೂ ಅವಕಾಶ ನೀಡುವುದಿಲ್ಲ. ಕಾಗದದ ಮೇಲೆ ಅದಕ್ಕೆ ಬೆಲೆಯಿಲ್ಲ; ಗಲ್ಲಾಪೆಟ್ಟಿಗೆಯ ಮುಂದೆ ಅದಕ್ಕೇ ಹೆಚ್ಚು ಬೆಲೆ.

ಇದಕ್ಕೆ ವಿರುದ್ಧವಾದ ಚಿತ್ರವೊಂದು ಅದೇ ಕ್ಷೇತ್ರದಲ್ಲಿ ಕಾಣಸಿಗುತ್ತದೆ. 'ಪಾಪ್ಯುಲರ್ ವುಡ್‌ವರ್ಕಿಂಗ್' ಸೇರಿದಂತೆ ಹವ್ಯಾಸಗಳ ಹತ್ತಾರು ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಹೊರತರುತ್ತಿದ್ದ 'ಎಫ್ ಪ್ಲಸ್ ಡಬ್ಲ್ಯು ಮೀಡಿಯಾ' ಎಂಬ ದೊಡ್ಡ ಕಂಪನಿ 2019ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಿತು. ಆಗ ಅದರ ಸಾಲದ ಹೊರೆ 10 ಕೋಟಿ ಡಾಲರಿಗೂ ಮಿಗಿಲಾಗಿತ್ತು. ಪುಸ್ತಕ ವಿಭಾಗವೂ ಪತ್ರಿಕೆಗಳೂ ಬೇರೆ ಬೇರೆ ಸಂಸ್ಥೆಗಳ ಪಾಲಾದವು. ಓದುಗರು ಅದೇ ಬಗೆಯವರು, ವಿಷಯವೂ ಅದೇ. ಸಾಲದ ಕಂತು ಗಡಿಯಾರದ ಮುಳ್ಳಿನಂತೆ ತಪ್ಪದೆ ಬರುತ್ತದೆ. ನಿಧಾನ ಸರಕಿನ ಗಿರಾಕಿ ತನಗೆ ಬೇಕಾದಾಗ ಬರುತ್ತಾನೆ. ಈ ಎರಡು ಕಾಲಗಣನೆಗಳು ಹೊಂದಿಕೆಯಾಗದಿದ್ದರೆ ಗಾತ್ರ ಎಷ್ಟಿದ್ದರೂ ಪ್ರಯೋಜನವಿಲ್ಲ.

ಮಿತಿಗಳು

ಈ ಮಾದರಿಗೆ ತನ್ನದೇ ಆದ ಮಿತಿಗಳೂ ಇವೆ. ಸಂಸ್ಥೆಯ ಹೆಸರು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅಂತಹ ಉದ್ಯಮದಲ್ಲಿ ಉತ್ತರಾಧಿಕಾರದ ವ್ಯವಸ್ಥೆಯನ್ನು ಮೊದಲೇ ಯೋಚಿಸಬೇಕು. ನೇರ ಮಾರಾಟದಲ್ಲಿ ಪೊಟ್ಟಣ ಕಟ್ಟುವುದರಿಂದ ದೂರಿಗೆ ಉತ್ತರಿಸುವವರೆಗೆ ಎಲ್ಲವೂ ತನ್ನದೇ ಹೊಣೆ. ಅಂಗಡಿಗಳಲ್ಲಿ ಅಕಸ್ಮಾತ್ತಾಗಿ ಪುಸ್ತಕ ಕಂಡು ಕೊಳ್ಳುವ ಹೊಸ ಓದುಗ ತಪ್ಪಿಹೋಗುತ್ತಾನೆ. ಬೆಳವಣಿಗೆಯ ವೇಗವೂ ಸ್ವಂತ ಉಳಿತಾಯಕ್ಕೆ ಕಟ್ಟುಬಿದ್ದಿರುತ್ತದೆ. ಬೇಗ ಹಳತಾಗುವ ಸರಕಿಗೆ, ಉದಾಹರಣೆಗೆ ಪರೀಕ್ಷಾ ಕೈಪಿಡಿಗೋ ತೆರಿಗೆ ದರಗಳ ಪುಸ್ತಕಕ್ಕೋ, ಈ ಮಾದರಿ ಸಲ್ಲದು.

ಭಾರತದಲ್ಲಿ ಪ್ರಕಾಶನಕ್ಕೆ ಇಳಿಯುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಶೂನ್ಯ. ಆದರೆ ಅದೇ ಕಾರಣಕ್ಕೆ ಕಾಗದ, ಮುದ್ರಣಗಳ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯದೆ ಅದು ವೆಚ್ಚವಾಗಿಯೇ ಉಳಿಯುತ್ತದೆ. ಹಳೆಯ ಕೃತಿಗಳ ಮರುಮುದ್ರಣದ ವಿಷಯದಲ್ಲಿ, ಲೇಖಕನ ಮರಣಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುವುದರಿಂದ ವಾರಸುದಾರರ ಲಿಖಿತ ಒಪ್ಪಿಗೆ ಅನಿವಾರ್ಯ.

ಕಲಿಯಬೇಕಾದ ಪಾಠಗಳು

ಪ್ರಕಾಶನವನ್ನು ಬದಿಗಿಟ್ಟು ನೋಡಿದರೂ, ನಿಧಾನ ಸರಕಿನ ವ್ಯಾಪಾರಿಗಳಿಗೂ ಸಣ್ಣ ತಯಾರಕರಿಗೂ ಈ ಅಧ್ಯಯನದಿಂದ ಕೆಳಗಿನ ಅಂಶಗಳು ದೊರೆಯುತ್ತವೆ.

1. ದಾಸ್ತಾನನ್ನು 'ನಿಧಾನ' ಮತ್ತು 'ಸತ್ತ' ಎಂದು ಪ್ರತ್ಯೇಕಿಸಬೇಕು. ಪೂರ್ಣ ಬೆಲೆಗೆ ಆಗಾಗ ಮಾರಾಟವಾಗುವುದು ನಿಧಾನ ಸರಕು; ಬೆಲೆ ಇಳಿಸಿದರೂ ಕೇಳುವವರಿಲ್ಲದ್ದು ಸತ್ತ ಸರಕು. ಮೊದಲನೆಯದನ್ನು ಕಾಪಾಡಬೇಕು, ಎರಡನೆಯದನ್ನು ತಡಮಾಡದೆ ವಿಲೇವಾರಿ ಮಾಡಬೇಕು. ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಪ್ರತಿ ಬಾಬತ್ತಿನ ಎದುರು ಕೊನೆಯ ಮಾರಾಟದ ದಿನಾಂಕ ಮತ್ತು ಬೆಲೆ ಬರೆದರೆ ಈ ಭೇದ ತಾನಾಗಿ ಗೋಚರಿಸುತ್ತದೆ.

2. ನಿಧಾನ ಸರಕಿಗೆ ಅಲ್ಪಾವಧಿ ಸಾಲದ ಹಣ ಹಾಕಬಾರದು. ಮೂರು ವರ್ಷದಲ್ಲಿ ಮರಳುವ ಹಣಕ್ಕೆ ಮೂರು ತಿಂಗಳ ಹುಂಡಿ ಆಧಾರವಾಗಲಾರದು.

3. ತಲಾ ವೆಚ್ಚದ ಉಳಿತಾಯವನ್ನು ಅದಕ್ಕಾಗಿ ಸಿಲುಕುವ ಬಂಡವಾಳದ ಬಡ್ಡಿಯೊಂದಿಗೆ ತೂಗಿ ನೋಡಿಯೇ ತಯಾರಿಕೆಯ ಪ್ರಮಾಣ ನಿಶ್ಚಯಿಸಬೇಕು.

4. ಮಧ್ಯವರ್ತಿಗೆ ಕೊಡುವ ರಿಯಾಯಿತಿ ಅವನು ತರುವ ಗಿರಾಕಿಗೆ ತಕ್ಕುದೇ ಎಂದು ಪರಿಶೀಲಿಸಬೇಕು. ವಾಪಸಾತಿಯ ಷರತ್ತು ಇರುವ ಮಾರಾಟವನ್ನು ಪೂರ್ಣ ಮಾರಾಟವೆಂದು ನಂಬಿ ಖರ್ಚಿಗೆ ಇಳಿಯಬಾರದು.

5. ಕುಶಲಕರ್ಮಿಯೊಂದಿಗೆ ಲಾಭ ಹಂಚಿಕೊಳ್ಳುವ ಒಪ್ಪಂದವಿದ್ದರೆ ಯಾವ ವೆಚ್ಚ ಮೊದಲು ಕಳೆಯಬೇಕು, ಲೆಕ್ಕ ಯಾವಾಗ ಒಪ್ಪಿಸಬೇಕು ಎಂಬುದು ಬರವಣಿಗೆಯಲ್ಲಿರಬೇಕು.

6. ವಿಸ್ತರಣೆ ಇದ್ದ ಗಿರಾಕಿಯ ಮತ್ತೊಂದು ಅಗತ್ಯದತ್ತ ಸಾಗಲಿ. ಅಪರಿಚಿತ ಮಾರುಕಟ್ಟೆಯಲ್ಲಿ ಅಪರಿಚಿತ ಸರಕು ಎರಡು ಪಟ್ಟು ಅಪಾಯ.

ಉಪಸಂಹಾರ

ತನ್ನ ಅಂಗಡಿಯ ಹಿಂಬದಿಯ ಕಪಾಟಿನಲ್ಲಿ ವರ್ಷಗಳಿಂದ ಕುಳಿತಿರುವ ಸರಕನ್ನು ಕಂಡು ಪ್ರತಿಯೊಬ್ಬ ವ್ಯಾಪಾರಿಯೂ ಒಮ್ಮೆಯಾದರೂ ನಿಟ್ಟುಸಿರು ಬಿಟ್ಟಿರುತ್ತಾನೆ. ಆ ಸರಕಿನಲ್ಲಿ ಒಂದಿಷ್ಟು ನಿಜವಾಗಿಯೂ ಹೊರೆ. ಇನ್ನೊಂದಿಷ್ಟು, ಬೇರೆಲ್ಲಿಯೂ ಸಿಗದ ಕಾರಣಕ್ಕೇ ದೂರದ ಗಿರಾಕಿಯನ್ನು ಬಾಗಿಲಿಗೆ ಕರೆತರುವಂತಹುದು. 1769ರಿಂದ ಪ್ರಕಟವಾಗತೊಡಗಿದ ಪ್ಯಾರಿಸ್ಸಿನ ಬಡಗಿಯೊಬ್ಬನ ಗ್ರಂಥಕ್ಕೆ ಎರಡು ಶತಮಾನಗಳ ಅನಂತರವೂ ಕೊಳ್ಳುವವರು ದೊರೆತರು. ಅವರು ಬರುವವರೆಗೆ ಕಾಯಬಲ್ಲ ರೀತಿಯಲ್ಲಿ ಲೆಕ್ಕ ಹಾಕಿದ ಪ್ರಕಾಶಕ ಬೇಕಿತ್ತು, ಅಷ್ಟೆ. ಯಾವುದು ಹೊರೆ, ಯಾವುದು ಒರತೆ ಎಂದು ಗುರುತಿಸುವ ಕೆಲಸವನ್ನು ಈ ಮಾರ್ಚ್ 31ರ ದಾಸ್ತಾನು ಎಣಿಕೆಯಿಂದಲೇ ಆರಂಭಿಸಬಹುದು.